ಪನ್ನೀರು ತುಂಬಿದ ಸ್ಪ್ರೇ ಪಂಪು

ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದ ಹುಡುಗಿಯರು ಕಂಡರೆ ನಾನು ಪಕ್ಕದ ದಾರಿ ಹುಡುಕುತ್ತೇನೆ. ಪಕ್ಕದ ದಾರಿ ಇಲ್ಲದಿದ್ದರೆ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ಒಳಗೆ ನುಗ್ಗುತ್ತೇನೆ. ನೆಂಟರಿಗೆ ಇದೊಂದು ತಮಾಷೆ. "ಜೀವಮಾನ ಇಡೀ ವಿಜ್ಞಾನ ಕಲ್ಸಿದೋರಿಗೆ ಪನ್ನೀರು ಕಂಡ್ರೆ ಹೆದ್ರಿಕೆಯಂತೆ" ಎಂದು ನಗುತ್ತಾರೆ. ನಗಲಿ. ಅವರು ಆ ದಿನ ಆ ಶಾಲೆಯ ಅಂಗಳದಲ್ಲಿ ಇರಲಿಲ್ಲ.

ಈಚೆಗೆ ಸೊರಬದಿಂದ ಫೋನು ಬಂತು. ಹೊಸದಾಗಿ ಸೇರಿದ ಪ್ರೌಢಶಾಲಾ ಶಿಕ್ಷಕರಿಗೆ ಶೂನ್ಯ ತ್ಯಾಜ್ಯದ ಬಗ್ಗೆ ತರಬೇತಿಯಂತೆ. ಒಮ್ಮೆ ಬಳಸಿದ್ದನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರುವ ಆರ್ಥಿಕತೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬ ಪಾಠ. "ನಿಮ್ಮ ಶಾಲೆಗೆ ಪ್ರಶಸ್ತಿ ಬಂದಿತ್ತಲ್ಲ ಮೇಡಂ, ಒಂದು ಕಾಲು ಗಂಟೆ ಅನುಭವ ಹೇಳ್ಬಿಡಿ. ಸ್ವಲ್ಪ ಪಾಸಿಟಿವ್ ಆಗಿ ಇರ್ಲಿ" ಅಂದರು. ನಾನು ಹೋಗಲಿಲ್ಲ. ಕಾಲು ಗಂಟೆಯಲ್ಲಿ ಹೇಳಲಾಗದ್ದನ್ನು, ಪಾಸಿಟಿವ್ ಆಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ತರಬೇತಿಯಲ್ಲಿ ಕೂತಿದ್ದ ಹೊಸ ಮೇಷ್ಟ್ರುಗಳು, ಮೇಡಂಗಳು ಓದಲಿ.

ಮೊದಲು ಶಿಕಾರಿಪುರ ತಾಲ್ಲೂಕಿನ ಶಾಲೆಯಿಂದ ಶುರು ಮಾಡುತ್ತೇನೆ. ಈ ಶೂನ್ಯ ತ್ಯಾಜ್ಯದ ಹುಚ್ಚು ನಮಗೆ ಅಲ್ಲಿ ಬಂದದ್ದು ಹಸಿರು ಮತ್ತು ನೀಲಿ ಬಣ್ಣದ ಎರಡು ಕಸದ ಡಬ್ಬಗಳ ರೂಪದಲ್ಲಿ. ಬಂದ ದಿನವೇ ಅಲ್ಲಿನ ಹೆಡ್‌ ಮಾಸ್ಟರು ಅವನ್ನು ಆಫೀಸು ಕೋಣೆಯೊಳಗಿಟ್ಟು ಬೀಗ ಹಾಕಿದರು. ಹೊರಗಿಡಿ ಎಂದು ಕೇಳಿದೆ.

"ಹೊರಗಿಟ್ರ ಹುಡುಗ್ರು ಅದ್ರಾಗ ಕಸ ಹಾಕ್ತಾವ್ರೀ ಮೇಡಂ."

"ಕಸ ಹಾಕೋಕೇ ಅಲ್ವಾ ಸರ್ ಕೊಟ್ಟಿದ್ದು?"

"ಹಂಗಂತ ಹೊಸಾದ್ರಾಗ ಹಾಕಾಕ ಆಗ್ತತೇನ್ರೀ? ನಾಳೆ ಇನ್ಸ್‌ಪೆಕ್ಷನ್ ಬಂದ್ರ ಏನ್ ತೋರ್ಸೋದು?"

ಇನ್ಸ್‌ಪೆಕ್ಷನ್ ದಿನ ಡಬ್ಬಗಳು ಕುಂಕುಮ ಹಚ್ಚಿಕೊಂಡು ವರಾಂಡದಲ್ಲಿ ನಿಂತವು. ಎಂಟನೇ ಕ್ಲಾಸಿನ ಒಬ್ಬಳು ಪಾಪ, ಪಾಠ ನೆನಪಿಟ್ಟುಕೊಂಡು ಶೇಂಗಾ ಸಿಪ್ಪೆಯನ್ನು ಹಸಿರು ಡಬ್ಬಕ್ಕೆ ಹಾಕಿದಳು. ಡಬ್ಬ ಗಲೀಜು ಮಾಡಿದ್ದಕ್ಕೆ ಅವಳಿಗೆ ಬೈಗುಳ. ಬಂದವರು ಖಾಲಿ ಡಬ್ಬ ನೋಡಿ, ಶಾಲೆಯಲ್ಲಿ ಕಸವೇ ಇಲ್ಲವೆಂದು ಮೆಚ್ಚಿ ಹೋದರು. ಅಂದು ನಾವೆಲ್ಲ ಸ್ಟಾಫ್ ರೂಮಿನಲ್ಲಿ ನಕ್ಕೆವು. ಈಗ ನಗು ಬರುವುದಿಲ್ಲ. ತೋರಿಸುವುದೇ ಕೆಲಸ, ಮಾಡುವುದು ಅದಕ್ಕೆ ಅಡ್ಡಿ ಎಂಬ ಬುದ್ಧಿ ಅಲ್ಲೇ ಮೊಳೆತಿತ್ತು. ಅದು ಬೆಳೆದು ಏನಾಯಿತೆಂದು ಮುಂದೆ ಹೇಳುತ್ತೇನೆ.

ಅದೇ ಶಾಲೆಯಲ್ಲಿ 'ಕಸದಿಂದ ರಸ' ಸ್ಪರ್ಧೆ ನಡೆಯುತ್ತಿತ್ತು. ಎಸೆಯುವ ವಸ್ತುವಿನಿಂದ ಏನಾದರೂ ಮಾಡಿ ತರಬೇಕು. ಮಕ್ಕಳು ಐಸ್‌ಕ್ರೀಂ ಕಡ್ಡಿಯ ಮನೆ, ಥರ್ಮಾಕೋಲಿನ ದೇವಸ್ಥಾನ, ಬಳೆಯ ತೋರಣ ತರುತ್ತಿದ್ದರು. ಎಲ್ಲವೂ ಹೊಚ್ಚ ಹೊಸದು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಐಸ್‌ಕ್ರೀಂ ಕಡ್ಡಿ ಕಟ್ಟುಗಟ್ಟಲೆ ಸಿಗುತ್ತಿತ್ತು. ಒಂದು ಸಲ ಕುರಿ ಕಾಯುವ ಮನೆಯ ತಾಯಿಯೊಬ್ಬಳು ಸ್ಪರ್ಧೆಯ ಹಿಂದಿನ ದಿನ ಗೇಟಿನ ಹತ್ತಿರ ಕಾದು ನಿಂತಿದ್ದಳು.

"ಮೇಡಮ್ಮೋರೆ, ಈ ಕಸ ಎಲ್ಲಿ ಸಿಗ್ತತ್ರೀ? ಅಂಗಡ್ಯಾಗ ಕೇಳಿದ್ರ ಖಾಲಿ ಆಗೇತಿ ಅಂದ್ರು."

ಅವಳು ತಮಾಷೆ ಮಾಡುತ್ತಿರಲಿಲ್ಲ. ಮಗಳಿಗೆ ಅಂಕ ಹೋದೀತೆಂಬ ಚಿಂತೆ ಅವಳದು. ಆ ವರ್ಷದಿಂದ ನನ್ನ ತರಗತಿಯಲ್ಲಿ ಈ ಮಾದರಿಗಳನ್ನು ನಿಲ್ಲಿಸಿದೆ. ಇದಕ್ಕೂ ಬೈಸಿಕೊಂಡೆ. ಪ್ರದರ್ಶನಕ್ಕೆ ಮೇಜು ತುಂಬಲಿಲ್ಲವಂತೆ.

ಸೊರಬ ತಾಲ್ಲೂಕಿಗೆ ವರ್ಗವಾದ ಮೇಲೆ ಚಾರ್ಟು, ಘೋಷಣೆ ಬಿಟ್ಟು ಬೇರೆ ದಾರಿ ಹಿಡಿದೆ. ಶಾಲೆಯ ಹೆಸರು ಬರೆಯುವುದಿಲ್ಲ. ಮಕ್ಕಳು ಅದೇ ಊರಲ್ಲಿ ಬದುಕಬೇಕು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಇಷ್ಟವಿದ್ದವರು ಉಳಿಯಲಿ, ಮನೆಯಲ್ಲಿ ಕೆಟ್ಟು ಕೂತದ್ದನ್ನು ತರಲಿ, ಸೇರಿ ಸರಿಮಾಡೋಣ ಎಂದೆ. ರಿಪೇರಿ ಶನಿವಾರ ಎಂದು ಮಕ್ಕಳೇ ಹೆಸರಿಟ್ಟರು. ಕಡ್ಡಿ ಮುರಿದ ಛತ್ರಿ, ಜಿಪ್ಪು ಹೋದ ಬ್ಯಾಗು, ಉರಿಯದ ಟಾರ್ಚು, ರಬ್ಬರು ಸವೆದ ಮಿಕ್ಸಿ ಜಾರು ಬರತೊಡಗಿದವು. ನನಗೂ ಎಲ್ಲ ಗೊತ್ತಿರಲಿಲ್ಲ. ಒಂದು ಕುಕ್ಕರಿನ ಹಿಡಿಯನ್ನು ತಲೆಕೆಳಗು ಕೂರಿಸಿ ಕಳಿಸಿ, ಮಾರನೇ ವಾರ ಅದರ ಒಡತಿಯಿಂದ "ಮೇಡಂ, ಇದನ್ನ ಎಡಗೈಯೋರಿಗೆ ಮಾಡಿದ್ರಾ?" ಎಂದು ಅನ್ನಿಸಿಕೊಂಡಿದ್ದೇನೆ. ಆದರೂ ಅದು ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ. ಈಗಲೂ ಹಾಗೆಯೇ ಅನ್ನುತ್ತೇನೆ.

ಅಲ್ಲಿ ಒಂದು ನಿಯಮ ಇಟ್ಟಿದ್ದೆ. ಹೊಲದ ಔಷಧಿ ತುಂಬಿದ್ದ ಯಾವುದೂ ಕೋಣೆಯೊಳಗೆ ಬರಬಾರದು. ಡಬ್ಬಿ, ಬಾಟಲಿ, ಪಂಪು ಏನೇ ತಂದರೂ ಅಂಗಳದ ಹೊಂಗೆ ಮರದ ಕೆಳಗಿಟ್ಟು, ಕೈ ತೊಳೆದು, ಸಂಜೆ ಮನೆಗೆ ವಾಪಸು ಒಯ್ಯಬೇಕು. ಅದನ್ನು ನಾವು ಮುಟ್ಟುವುದಿಲ್ಲ. ಯಾಕೆಂದು ಮಕ್ಕಳಿಗೆ ವಿವರಿಸಿದ್ದೆ. ಮಕ್ಕಳಿಗೆ ಅದು ಒಂದೇ ಸಲಕ್ಕೆ ಅರ್ಥವಾಗಿತ್ತು.

ಚೈತ್ರ ಆಗ ಒಂಬತ್ತನೇ ಕ್ಲಾಸು. ಯಾವುದನ್ನು ಬಿಚ್ಚಿದರೂ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಊಟದ ಡಬ್ಬಿಯ ಮುಚ್ಚಳದಲ್ಲಿ ಸಾಲಾಗಿ ಇಡುವ ಹುಡುಗಿ. ಎಲ್ಲರೂ ಕೈಬಿಟ್ಟ ಟಾರ್ಚನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಸತ್ತಿಲ್ಲ ಮೇಡಂ, ಮಲಗೈತೆ" ಅನ್ನುತ್ತಿದ್ದಳು. ಅವಳ ತಂಗಿ ಸಿಂಚನಾ ಎಂಟನೇ ಕ್ಲಾಸು. ಅಕ್ಕನ ಪಕ್ಕ ಕೂತು ಸ್ಕ್ರೂ ಕಾಯುವುದು ಅವಳ ಕೆಲಸ. ಅಪ್ಪ ಹನುಮಂತಪ್ಪನವರದು ಜೋಳದ ಹೊಲ. ಒಂದು ಶನಿವಾರ ಚೈತ್ರ ಅಪ್ಪನ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಹಾಕಿಕೊಂಡು ಬಂದಳು. ಹೊಲದಲ್ಲಿ ಕಳೆ ಸಾಯಿಸುವ ಹುಲ್ಲಿನ ಔಷಧಿ ಹೊಡೆಯುತ್ತಿರುವಾಗಲೇ ವಾಷರು ಹೋಗಿ ನಿಂತುಬಿಟ್ಟಿತ್ತಂತೆ. ಹ್ಯಾಂಡಲ್ ಎಷ್ಟು ಆಡಿಸಿದರೂ ಒತ್ತಡ ಕೂರುತ್ತಿರಲಿಲ್ಲ. ನಿಯಮ ನೆನಪಿಸಿದೆ. ಮುಖ ಸಣ್ಣದು ಮಾಡಿಕೊಂಡು ಹೊಂಗೆ ಮರದ ಕೆಳಗೆ ಇಟ್ಟು ಬಂದಳು.

ಅಲ್ಲಿ ಅದು ಈ ಶಾಲೆಯ ಹೆಡ್‌ ಮಾಸ್ಟರ ಕಣ್ಣಿಗೆ ಬಿತ್ತು. ಮನೆಗೆ ಒಯ್ಯಲು ಬಿಡದೆ ಇರಿಸಿಕೊಂಡರು. ಅವರು ಕೆಟ್ಟವರಲ್ಲ ಎಂದು ಬರೆಯೋಣವೆಂದು ಎಷ್ಟೋ ಸಲ ಪೆನ್ನು ಹಿಡಿದಿದ್ದೇನೆ. ಬರೆಯಲಾಗುತ್ತಿಲ್ಲ. ಸಮಾರಂಭವೆಂದರೆ ಅವರಿಗೆ ಪ್ರಾಣ. ಶೂನ್ಯ ತ್ಯಾಜ್ಯ ಶಾಲೆ ಪ್ರಶಸ್ತಿಗಾಗಿ ಜಿಲ್ಲೆಯಿಂದ ಅಧಿಕಾರಿಯೊಬ್ಬರು ನೋಡಲು ಬರುವವರಿದ್ದರು.

"ಛತ್ರಿ, ಬ್ಯಾಗು ಎಲ್ಲಾ ಶಾಲೇಲೂ ತೋರಿಸ್ತಾರೆ ಮೇಡಂ. ಇದು ನೋಡಿ, ರೈತರ ವಸ್ತು. ರಿಪೇರಿ ಮಾಡ್ಸಿ, ಪನ್ನೀರು ತುಂಬ್ಸಿ, ಸಾಹೇಬ್ರಿಗೆ ಗೇಟಲ್ಲೇ ಸ್ವಾಗತ. ಯಾರಿಗೂ ಹೊಳೆದಿಲ್ಲ ಇದು!"

"ಸರ್, ಅದರಲ್ಲಿ ಹುಲ್ಲಿನ ಔಷಧಿ ಇತ್ತು."

"ಇತ್ತು. ಈಗ ಎಲ್ಲಿದೆ? ಸೋಪಿನ ಪುಡಿ ಹಾಕಿ ಟ್ಯಾಂಕ್ ತೊಳೆಸಿದೀನಿ. ಮೂಸಿ ನೋಡಿ ಬೇಕಾದ್ರೆ."

"ಮೂಗಿಗೆ ಗೊತ್ತಾಗಲ್ಲ ಸರ್. ಬೇಕಾದ್ರೆ ಹೊಸ ಪಂಪು ತರ್ಸಿ."

"ಹೊಸದು ತಂದ್ರೆ ಅದು ಕಸದಿಂದ ರಸ ಹೆಂಗಾಗುತ್ತೆ? ರಿಟೈರ್ ಆಗೋ ಹೊತ್ತಲ್ಲಿ ಎಲ್ಲಾದಕ್ಕೂ ಬೇಡ ಅನ್ನೋದು ರೂಢಿ ಆಗಿದೆ ನಿಮಗೆ."

ಸ್ಟಾಫ್ ರೂಮಿನಲ್ಲಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಹೆಡ್‌ ಮಾಸ್ಟರು ನನ್ನನ್ನು ದಾಟಿ ಚೈತ್ರಳನ್ನೇ ಕರೆದು ಕೆಲಸ ಹಚ್ಚಿದರು. ಹೆಡ್‌ ಮಾಸ್ಟರು ತಾವಾಗಿ ಕರೆದು ಹೇಳಿದರೆ ಒಂಬತ್ತನೇ ಕ್ಲಾಸಿನ ಹುಡುಗಿ ಆಗಲ್ಲ ಅನ್ನುತ್ತಾಳೆಯೇ? ಹಳೇ ಚಪ್ಪಲಿಯ ಚರ್ಮ ಕತ್ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ವಾಷರು ಮಾಡಿ ಕೂರಿಸಿದಳು. ಚೆನ್ನಾಗಿ ಕೂತಿತು. ಆಮೇಲೆ ಅವಳು ಕೇಳಿದ ಒಂದು ಮಾತು ಇವತ್ತಿಗೂ ನನ್ನ ತಲೆಯಲ್ಲಿ ತಿರುಗುತ್ತದೆ.

"ಸರ್, ಒಂದ್ಸಲ ನೀರು ಹಾಕಿ ಹೊಡೆದು ನೋಡ್ತೀನಿ ಸರ್."

"ಬೇಡ ಬೇಡ. ಮೊದಲನೇ ಹನಿ ಸಾಹೇಬ್ರ ಕೈಯಿಂದಾನೇ ಬರ್ಬೇಕು. ಉದ್ಘಾಟನೆ ಅಂದ್ರೆ ಏನು ಮತ್ತೆ?"

ಉದ್ಘಾಟನೆಗೆ ಮುಂಚೆ ಬಳಸಿದರೆ ಅಪಶಕುನ! ಹೊಸ ಕೊಠಡಿಗೆ ಅತಿಥಿ ಬರುವವರೆಗೆ ಬೀಗ ಹಾಕಿ ಮಕ್ಕಳನ್ನು ಬಿಸಿಲಲ್ಲಿ ಕೂರಿಸುವ ಜನ ನಾವು. ನಲ್ಲಿಗೆ ರಿಬ್ಬನ್ ಕಟ್ಟಿ ವಾರಗಟ್ಟಲೆ ನೀರು ಬಿಡದ ಜನ. ಪಂಪಿಗೂ ರಿಬ್ಬನ್ ಕಟ್ಟಿದರು.

ಈಗ ಸ್ವಲ್ಪ ನಿಧಾನವಾಗಿ ಓದಿ. ಟ್ಯಾಂಕು ತೊಳೆದಿದ್ದರು, ನಿಜ. ಆದರೆ ಪಂಪು ಕೆಟ್ಟಿತ್ತು. ಕೆಟ್ಟ ಪಂಪಿನಲ್ಲಿ ನೀರು ಪೈಪಿನೊಳಗೆ, ನಳಿಕೆಯೊಳಗೆ ಹೋಗುವುದು ಹೇಗೆ? ಹೊಲದಲ್ಲಿ ನಿಂತುಹೋದಾಗ ಒಳಗೆ ಉಳಿದ ಔಷಧಿ ಅಲ್ಲೇ ಆರಿ, ಗಟ್ಟಿಯಾಗಿ, ಕಾದು ಕೂತಿತ್ತು. ಚೈತ್ರ ಕೇಳಿದಂತೆ ಒಂದು ಬಕೆಟ್ ನೀರು ಬಯಲಿಗೆ ಹೊಡೆದಿದ್ದರೆ ಬಹುಪಾಲು ಮಣ್ಣಿಗೆ ಹೋಗುತ್ತಿತ್ತು. ಹೋಗಲಿಲ್ಲ. ಮೊದಲನೇ ಹನಿಯನ್ನು ಸಾಹೇಬರಿಗಾಗಿ ಜೋಪಾನ ಮಾಡಿದ್ದರು.

ಆ ದಿನ ನನಗೆ ವೇದಿಕೆಯ ನಿರೂಪಣೆ ಹಚ್ಚಿದ್ದರು. ಗೇಟಿನ ಹತ್ತಿರ ನಾನಿರಬಾರದೆಂದೇ ಹಚ್ಚಿದರೆಂದು ನನ್ನ ನಂಬಿಕೆ. ಗೇಟಿನಿಂದ ವೇದಿಕೆಯವರೆಗೆ ಮಕ್ಕಳ ಎರಡು ಸಾಲು. ಮುಂದೆ ಆರತಿ ತಟ್ಟೆ ಹಿಡಿದ ಎಂಟನೇ ಕ್ಲಾಸಿನವರು. ಸಿಂಚನಾ ಮೊದಲನೆಯವಳು. ಅಕ್ಕ ರಿಪೇರಿ ಮಾಡಿದ ಪಂಪು ತಾನೇ, ಅದಕ್ಕೇ ಅವಳಿಗೆ ಮುಂದಿನ ಜಾಗ. ಗೇಟಿನಲ್ಲಿ ಚೈತ್ರ ಪನ್ನೀರು ತುಂಬಿದ ಪಂಪನ್ನು ಬೆನ್ನಿಗೆ ಹಾಕಿಕೊಂಡು ನಿಂತಿದ್ದಾಳೆ. ಅಧಿಕಾರಿ ಕಾರಿನಿಂದಿಳಿದರು, ರಿಬ್ಬನ್ ಬಿಚ್ಚಿದರು. ಹೆಡ್‌ ಮಾಸ್ಟರು ನಳಿಕೆಯನ್ನು ಅವರ ಕೈಗಿತ್ತು, "ಮಕ್ಕಳ ಮೇಲೆ ಹೊಡೀರಿ ಸರ್, ಆಶೀರ್ವಾದ ಆಗ್ಲಿ" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಮೈಕಿನ ಮುಂದೆ ನಿಂತಿದ್ದ ನನಗೆ ಅದು ಕೇಳಿಸಿತು. ಬೇಡ ಎಂದು ಮೈಕಿನಲ್ಲೇ ಕೂಗಿದೆ. ಅದೇ ಹೊತ್ತಿಗೆ ಬ್ಯಾಂಡು ಶುರುವಾಯಿತು.

ನಳಿಕೆ ಮೊದಲು ಕೆಮ್ಮಿತು. ಎರಡು ಹನಿ ತೊಟ್ಟಿಕ್ಕಿತು. ಏನೋ ಸಿಕ್ಕಿಕೊಂಡಿದ್ದು ಬಿಟ್ಟ ಹಾಗೆ ಒಮ್ಮೆಲೇ ಬೀಸಣಿಗೆಯಂತೆ ಹರಡಿತು. ಬಿಳಿ ಸಮವಸ್ತ್ರದ ಮೇಲೆ ತಿಳಿ ಹಸಿರು ಚುಕ್ಕೆಗಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು. ಸಿಂಚನಾ ಕಣ್ಣು ಮುಚ್ಚಿಕೊಂಡು ನಡುಗುತ್ತಿದ್ದಳು, ಆದರೆ ತಟ್ಟೆ ಬಿಡಲಿಲ್ಲ. ಏನೇ ಆದರೂ ಆರತಿ ತಟ್ಟೆ ಕೆಳಗೆ ಬೀಳಬಾರದೆಂದು ಬೆಳಗಿನಿಂದ ಅವರಿಗೆ ತಾಲೀಮು ಕೊಟ್ಟಿದ್ದರು.

ನಾನು ವೇದಿಕೆಯಿಂದ ಹಾರಿ ಓಡಿದೆ. ಎಷ್ಟೋ ರಾತ್ರಿ ಇನ್ನೂ ಓಡುತ್ತಿದ್ದೇನೆ. ಕನಸಿನಲ್ಲಿ ಆ ಅಂಗಳ ಮುಗಿಯುವುದೇ ಇಲ್ಲ. ತಟ್ಟೆ ಕಿತ್ತುಕೊಂಡು ಅವಳನ್ನು ಬಿಸಿಯೂಟದ ಕೋಣೆಯ ನಲ್ಲಿಗೆ ಎಳೆದೊಯ್ದೆ. ರೆಪ್ಪೆ ಬಿಡಿಸಿ ನೀರು ಬಿಟ್ಟೆ. ಅವಳು ಚೀರುತ್ತಿದ್ದಳು, ನನ್ನ ಕೈ ಕಚ್ಚಿದಳು. ನಾನು ಬಿಡಲಿಲ್ಲ. ಉಳಿದ ಹುಡುಗಿಯರಿಗೆ ಕೈ ಕಾಲಿಗೆ ಸಿಡಿದಿತ್ತು. ಅಡುಗೆಯವರು ಅವರ ಮೇಲೆ ಕೊಡಗಟ್ಟಲೆ ನೀರು ಸುರಿದರು. ಹೆಡ್‌ ಮಾಸ್ಟರು ಹಿಂದೆ ಬಂದು ನಿಂತು ಮೆಲ್ಲಗೆ ಹೇಳಿದರು:

"ಮೇಡಂ, ಗಲಾಟೆ ಮಾಡ್ಬೇಡಿ. ಪನ್ನೀರು ಕಣ್ಣಿಗೆ ಬಿದ್ರೆ ಉರಿಯುತ್ತೆ. ಸಾಹೇಬ್ರು ನೋಡ್ತಿದಾರೆ."

ಸಾಹೇಬರು ನೋಡುತ್ತಲೇ ಇದ್ದರು. ಅವರ ಮುಖ ಬಿಳಚಿಕೊಂಡಿತ್ತು. "ನನ್ನ ಕಾರಲ್ಲಿ ಕರ್ಕೊಂಡ್ ಹೋಗ್ರೀ, ನಿಂತ್ಕೊಂಡ್ ಏನ್ ಮಾಡ್ತೀರಿ" ಎಂದು ಅವರೇ ಕೂಗಿದರು. ಅಷ್ಟು ಮಾತಿಗೆ ಅವರಿಗೆ ಋಣಿ. ಸೊರಬದ ಆಸ್ಪತ್ರೆಯಲ್ಲಿ ಮತ್ತೆ ತೊಳೆದು ಶಿವಮೊಗ್ಗಕ್ಕೆ ಕಳಿಸಿದರು. ಯಾವ ಔಷಧಿ ಎಂದು ಡಾಕ್ಟರು ಕೇಳಿದಾಗ ಹೆಡ್‌ ಮಾಸ್ಟರು ಮತ್ತೆ "ಪನ್ನೀರು" ಅಂದರು. ಚೈತ್ರ ನನ್ನ ಹಿಂದಿನಿಂದ ಮುಂದೆ ಬಂದು, "ಹುಲ್ಲಿಂದು ಸರ್, ಹುಲ್ಲು ಸುಡೋದು" ಅಂದಳು. ಆ ಮಾತು ತಂಗಿಯ ಬಲಗಣ್ಣು ಉಳಿಸಿತು. ಎಡಗಣ್ಣಿನ ಕರಿಗುಡ್ಡೆಯ ಮೇಲೆ ಮಂಜು ಕಟ್ಟಿದಂತೆ ಕಲೆ ನಿಂತಿತು. ಈಗಲೂ ಬೋರ್ಡು ನೋಡಲು ಅವಳು ಕತ್ತು ವಾರೆ ಮಾಡುತ್ತಾಳೆ.

ಹನುಮಂತಪ್ಪನವರು ಮೈಯೆಲ್ಲ ಧೂಳಾಗಿ ಆಸ್ಪತ್ರೆಗೆ ಓಡಿ ಬಂದರು. ಹೆಡ್‌ ಮಾಸ್ಟರು ಅವರ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ಇದು:

"ಏನ್ ಮಾಡೋದು ಹನುಮಂತಪ್ಪನವರೇ, ನಿಮ್ಮ ದೊಡ್ಡ ಹುಡುಗಿ ರಿಪೇರಿ ಸರಿಯಾಗಿ ಮಾಡಿಲ್ಲ. ಸಣ್ಣ ಮಕ್ಕಳು, ಹೋಗ್ಲಿ ಬಿಡಿ."

ಅಪ್ಪ ಅಲ್ಲೇ ಚೈತ್ರಳ ಕೆನ್ನೆಗೆ ಹೊಡೆದರು. ಅವಳು ಅಳಲಿಲ್ಲ. ತನ್ನ ಕೈಗಳನ್ನೇ ನೋಡುತ್ತ ನಿಂತಳು. ನಾನು ಆಸ್ಪತ್ರೆಯ ವರಾಂಡದಲ್ಲೇ ಗಂಟಲು ಹರಿಯುವಂತೆ ಕೂಗಿ ನಡೆದದ್ದನ್ನೆಲ್ಲ ಹೇಳಿದೆ. ನೀರು ಹೊಡೆದು ನೋಡುತ್ತೇನೆಂದು ಈ ಹುಡುಗಿ ಕೇಳಿದ್ದಳು, ಬೇಡ ಅಂದವರು ಇವರು ಎಂದೆ. ಹನುಮಂತಪ್ಪನವರು ಗೋಡೆಗೆ ಒರಗಿ ಕೂತರು. "ನಂಗೆಂಥ ಗೊತ್ತು ಮೇಡಂ, ದೊಡ್ಡೋರು ಹೇಳಿದ್ರು" ಅಂದರು. ಆದರೆ ಏಟು ಬಿದ್ದಾಗಿತ್ತು. ದೊಡ್ಡವರು ಹೇಳಿದ್ದು ಊರೆಲ್ಲ ಹರಡಿತ್ತು.

ವಿಚಾರಣೆ ಎಂದರೆ ಎರಡು ಕುರ್ಚಿ, ಒಂದು ಚಹಾ. ಆಕಸ್ಮಿಕ ಅಂದರು. ರಿಪೇರಿ ಶನಿವಾರ ಅಪಾಯಕಾರಿ ಎಂದು ನಿಲ್ಲಿಸಿದರು. ಉದ್ಘಾಟನೆ ಅಪಾಯಕಾರಿ ಎಂದು ಯಾರೂ ನಿಲ್ಲಿಸಲಿಲ್ಲ. ಪ್ರಶಸ್ತಿ ಬಂತು. ತಟ್ಟೆ ಹಿಡಿದಿದ್ದ ಮಕ್ಕಳೇ ಮತ್ತೆ ತಟ್ಟೆ ಹಿಡಿದರು, ಸಿಂಚನಾ ಒಬ್ಬಳನ್ನು ಬಿಟ್ಟು. ಚೈತ್ರ ಆಮೇಲೆ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಕ್ಲಾಸಿನಲ್ಲಿ ಯಾರದ್ದೋ ಪೆನ್ನು ಕೆಟ್ಟರೂ "ನಂಗೆ ಬರಲ್ಲ" ಅನ್ನುತ್ತಿದ್ದಳು. ನೀನು ಮಾಡಿದ್ದು ಸರಿಯಾಗಿತ್ತು ಎಂದು ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳದವಳಂತೆ ತಲೆ ಬಗ್ಗಿಸುತ್ತಿದ್ದಳು.

ನಿವೃತ್ತಿಯಾದ ಮೇಲೆ ಒಂದು ಸ್ವಾತಂತ್ರ್ಯ ದಿನಕ್ಕೆ ಆ ಶಾಲೆಯವರು ಕರೆದರು. ಗೇಟಿನ ಒಳಗೆ ಕಾಲಿಡುತ್ತಲೇ ಕಂಡಿತು. ಅದೇ ಪಂಪು. ಬೆನ್ನಿಗೆ ತೂತು ಕೊರೆದು, ಮಣ್ಣು ತುಂಬಿ, ಹಳದಿ ಬಣ್ಣ ಬಳಿದು ಕಂಬಕ್ಕೆ ಕಟ್ಟಿದ್ದಾರೆ. ಅದರಲ್ಲಿ ಕೊತ್ತಂಬರಿ ಬೆಳೆದಿದೆ. ಬಿಸಿಯೂಟದ ಸಾರಿಗಂತೆ! ಹೆಡ್‌ ಮಾಸ್ಟರು ಕೈ ಮುಗಿದು ನಗುತ್ತ ಬಂದರು.

"ಬಿಸಾಕಿಲ್ಲ ನೋಡಿ ಮೇಡಂ. ನಿಮ್ಮದೇ ಪಾಠ."

ಇದು ನನ್ನ ಪಾಠ ಅಲ್ಲ. ಹೊಸ ಶಿಕ್ಷಕರೇ, ಇದನ್ನು ನಿಮ್ಮ ಕೈಪಿಡಿಯಲ್ಲಿ ಯಾರೂ ಬರೆದಿರುವುದಿಲ್ಲ, ನೀವೇ ಬರೆದುಕೊಳ್ಳಿ. ಎಲ್ಲವೂ ತಿರುಗಿ ಬರಲಿ ಎಂದು ಕಲಿಸುವ ಮೊದಲು ಯಾವುದು ತಿರುಗಿ ಬರಬಾರದು ಎಂದು ಕಲಿಸಿ. ಕಸ ಮಾಡುವುದು ತಪ್ಪು ಎಂದು ಹೆದರಿಸಿದರೆ ಜನ ವಿಷವನ್ನೂ ಕಸವಲ್ಲ ಅನ್ನುತ್ತಾರೆ. ಶೂನ್ಯ ಎಂಬ ಅಂಕಿಯನ್ನು ಮುಟ್ಟಲು ಮಕ್ಕಳ ಕಣ್ಣನ್ನೂ ಲೆಕ್ಕದಿಂದ ಬಿಡುತ್ತಾರೆ.

ಧ್ವಜ ಏರುವ ಮೊದಲೇ ಆ ಪಂಪನ್ನು ಕಂಬದಿಂದ ಬಿಚ್ಚಿ, ಮಣ್ಣು, ಕೊತ್ತಂಬರಿ ಸಮೇತ ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಯಾರೂ ತಡೆಯಲಿಲ್ಲ. ಕಂಡಕ್ಟರ್ ನೋಡಿ, "ಎಂಥ ಮೇಡಂ, ರಿಟೈರಾದ ಮೇಲೆ ಔಷಧಿ ಹೊಡೆಯೋಕೆ ಹೊರಟ್ರಾ?" ಎಂದ. ಮನೆಗೆ ತಂದ ಮೇಲೆ ಗೊತ್ತಾಯಿತು, ಅದನ್ನು ಹಾಕುವ ಜಾಗವೇ ನಮ್ಮಲ್ಲಿಲ್ಲ. ಕಸದ ಗಾಡಿಯವರು ಮುಟ್ಟಲಿಲ್ಲ. ಗುಜರಿಯವನು ಮಾತ್ರ ಕಣ್ಣರಳಿಸಿ, "ಹ್ಯಾಂಡಲ್ ಗಟ್ಟಿ ಐತೆ, ಕೊಡ್ರಿ, ತೂತು ಬೆಸೆದು ಮಾರ್ತೀನಿ" ಎಂದ. ಅವನನ್ನು ಕಳಿಸಿ ಹಿತ್ತಿಲ ಶೆಡ್ಡಿನಲ್ಲಿಟ್ಟು ಬೀಗ ಹಾಕಿದೆ.

ತರಬೇತಿಗೆ ಬರಲ್ಲ ಎಂದು ಹೇಳಿದ ವಾರವೇ ಚೈತ್ರ ಬಂದಳು. ಈಗ ಕಾಲೇಜು ಹುಡುಗಿ. ತಂಗಿ ಹತ್ತನೇ ಕ್ಲಾಸು ಪಾಸಾದ ಪೇಡೆ ತಂದಿದ್ದಳು. ಮಾತಿನ ನಡುವೆ ಪಂಪು ಇಲ್ಲಿದೆ ಎಂದೆ. ಪೇಡೆಯ ಡಬ್ಬಿ ಕೆಳಗಿಟ್ಟಳು.

"ಎಲ್ಲಿ?"

ಶೆಡ್ಡಿನ ಬೀಗ ತೆಗೆದೆ. ಒಳಗೆ ಹೋಗಿ ಪಂಪನ್ನು ಕಾಲಿನಿಂದ ಬೆಳಕಿಗೆ ತಳ್ಳಿದಳು. ಆಮೇಲೆ ಕೈ ಚಾಚಿ, "ಗ್ಲೌಸು ಕೊಡಿ ಮೇಡಂ, ಸ್ಪಾನರೂ ಕೊಡಿ" ಅಂದಳು.

ಅಂಗಳದಲ್ಲಿ ಕೂತು ಬಿಚ್ಚಿದಳು. ನಟ್ಟುಗಳನ್ನು ಹಳೆಯ ಅಭ್ಯಾಸದಂತೆ ಬಿಚ್ಚಿದ ಕ್ರಮದಲ್ಲಿ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಪೈಪನ್ನು ತುಂಡು ಮಾಡಿದಳು. ಇನ್ನು ಯಾವ ಗುಜರಿಯವನೂ ಜೋಡಿಸಲಾಗದ ಹಾಗೆ ನಳಿಕೆಯನ್ನು ಕಲ್ಲಿನಿಂದ ಜಜ್ಜಿದಳು. ಕೊನೆಗೆ ಒಳಗಿನ ಕೊಳವೆಯಿಂದ ಆ ಚರ್ಮದ ವಾಷರು ಎಳೆದಳು. ಇಷ್ಟು ವರ್ಷಕ್ಕೂ ಅದು ಸೀಳಿರಲಿಲ್ಲ, ಸುರುಟಿರಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ರಿಪೇರಿ ಸರಿಯಾಗೇ ಇತ್ತಲ್ಲ ಮೇಡಂ" ಅಂದಳು.

"ಸರಿಯಾಗೇ ಇತ್ತು ಕಣೆ."

ಕತ್ತರಿ ಕೇಳಿ ತೆಗೆದುಕೊಂಡು ಅದನ್ನು ನಡುವಿಗೆ ಕತ್ತರಿಸಿದಳು. ಅಂದು ಆಸ್ಪತ್ರೆಯಲ್ಲಿ ಬರದಿದ್ದ ಅಳು ಆಗ ಬಂತು.